ನಾಲ್ಕು ಸೆಂಟಿಮೀಟರ್ ದಾರಿ

ಫೋನ್ ಹೇಳಿದ ಕಡೆ ತಿರುಗುವವರನ್ನು ಕಂಡರೆ ನನಗೆ ಸ್ವಲ್ಪ ಅಸಡ್ಡೆ. ಮ್ಯಾಪ್ ಅಂದರೆ ಕಾಗದದ್ದು. ಅದರಲ್ಲೂ ಸರ್ವೆ ಆಫ್ ಇಂಡಿಯಾದ್ದು. 1767ರಿಂದ ನೆಲ ಅಳೆಯುತ್ತಿರುವವರು, ಸುಮ್ನೇನಾ?

ದಸರಾ ರಜೆಗೆ ಶೃಂಗೇರಿ ಹತ್ತಿರದ ಮಾವನ ಮನೆಗೆ ಹೊರಟಾಗ, ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡೆ. ಮರುದಿನ ಜಗಲಿಯಲ್ಲಿ ಅದನ್ನು ಹರಡಿ, ಮಗಳ ಸ್ಕೇಲು ತಗೊಂಡು, ಹಳ್ಳದ ಸಂಕದಿಂದ ಗುಡ್ಡದಾಚೆಯ ಗುಡಿಗೆ ಅಳೆದೆ. 4 ಸೆಂಟಿಮೀಟರ್. ನಕ್ಷೆಯ ಅಳತೆ 1:50,000. ಅಂದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್.

"ಎರಡೇ ಕಿಲೋಮೀಟರ್! ಕಡುಬು ಆರೋದ್ರೊಳಗೆ ವಾಪಸ್" ಅಂದೆ.

"ಭಾವ, ನೀರು ತಗೊಳ್ಳೋಣ್ವಾ?" ಅಂದ ಬಾಮೈದ. ಬೇಡ ಅಂದವನು ನಾನೇ.

ನಡುವೆ ಒಂದು ಕಂದು ಕಲೆ ಇತ್ತು. ಪ್ರಿಂಟರ್ ಶಾಯಿ ಅಂಟಿದೆ ಅಂದುಕೊಂಡಿದ್ದೆ. ಒಂದು ಗಂಟೆ ಹತ್ತಿದ ಮೇಲೂ ಗುಡಿಯ ಸುಳಿವಿಲ್ಲ. ಏದುಸಿರು ಬಿಡುತ್ತಾ ಕಾಗದ ಕಣ್ಣಿಗೆ ಹಿಡಿದು ನೋಡಿದರೆ, ಕಲೆಯೆಲ್ಲ ಸಣ್ಣ ಸಣ್ಣ ಗೆರೆಗಳು! ಒಂದೊಂದು ಗೆರೆಗೂ 20 ಮೀಟರ್ ಏರು. ಗೆರೆಗಳು ಒತ್ತೊತ್ತಾಗಿದ್ದಷ್ಟೂ ದಾರಿ ಕಡಿದು. ಇಲ್ಲಿ ಒಂದರ ಮೇಲೊಂದು ಬಿದ್ದು ಕಲೆಯೇ ಆಗಿಹೋಗಿತ್ತು.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಅಷ್ಟು ದೊಡ್ಡ ಹಾಳೆಯನ್ನು ಅಂಗಡಿಯ ಹುಡುಗ ಎ3 ಕಾಗದಕ್ಕೆ ಹಿಡಿಸಿದ್ದ. ನಕ್ಷೆ ಅರ್ಧಕ್ಕಿಂತ ಕಮ್ಮಿಗೆ ಕುಗ್ಗಿತ್ತು, ಮಗಳ ಸ್ಕೇಲು ಮಾತ್ರ ಕುಗ್ಗಿರಲಿಲ್ಲ. ನಕ್ಷೆಯ ಅಡಿಯಲ್ಲಿದ್ದ ಅಳತೆಪಟ್ಟಿ ಬಳಸಿದ್ದರೆ ಅದೂ ಜೊತೆಗೇ ಕುಗ್ಗಿರುತ್ತಿತ್ತು, ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಇದನ್ನು ಹೆಂಡತಿಗೆ ವಿವರಿಸಲು ಹೋದೆ. ಅವಳು ಕಾಲಿನ ಇಂಬಳ ಕೀಳುತ್ತಿದ್ದಳು. ತಲೆ ಎತ್ತಿ ಒಮ್ಮೆ ನೋಡಿದಳು. ಸುಮ್ಮನಾದೆ.

ಮನೆ ಸೇರಿದಾಗ ದೀಪ ಹಚ್ಚಿ ಆಗಿತ್ತು. ಕಡುಬು ಕಲ್ಲಾಗಿತ್ತು. ಮಾವ ಕವಳ ಹಾಕುತ್ತಾ ನಕ್ಷೆ ಕೇಳಿದರು. ಬೈತಾರೇನೋ ಅಂತ ಅಳುಕುತ್ತಲೇ ಕೊಟ್ಟೆ. ಅವರಿಗೆ ದಾರಿಯೂ ಬೇಕಿರಲಿಲ್ಲ, ಗುಡಿಯೂ ಬೇಕಿರಲಿಲ್ಲ. ಟಾರ್ಚ್ ಬಿಟ್ಟು ಅರ್ಧ ಗಂಟೆ ಹುಡುಕಿ, "ಅಳಿಯಂದ್ರೇ, ನಮ್ಮನೆ ಎಲ್ಲಿದೆ?" ಅಂದರು.

ನನಗಾದರೂ ಎಲ್ಲಿ ಕಾಣಬೇಕು? ಹಳ್ಳದ ಪಕ್ಕದ ಒಂದು ಕೆಂಪು ಚುಕ್ಕೆಗೆ ಬೆರಳಿಟ್ಟೆ.

ಮಾವ ಬಹಳ ಹೊತ್ತು ನೋಡಿದರು.

"ಕೊಟ್ಟಿಗೆ ಸೇರಿಸಿಲ್ಲ ಇವ್ರು."