ಹಾರ್ನ್ ಊದಿಸಿ ಅಂಕ ಕೊಡುವವರಿಗೆ

ಮಾದರಿ ರೈಲು ಇಂಜಿನ್‌ಗಳ ಸೌಂಡ್ ಡಿಕೋಡರ್‌ಗಳನ್ನು, ಅಂದರೆ ಇಂಜಿನ್ನಿನೊಳಗೆ ಕೂತು ಮೋಟರನ್ನೂ ಸದ್ದನ್ನೂ ನಡೆಸುವ ಪುಟ್ಟ ಸರ್ಕ್ಯೂಟ್‌ಗಳನ್ನು, ಹೋಲಿಸುವ ಇನ್ನೊಂದು ವಿಡಿಯೊವನ್ನು ಈಗಷ್ಟೇ ನೋಡಿ ಮುಗಿಸಿದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಲೋಕ್‌ಸೌಂಡ್ 5, ಸುನಾಮಿ 2, ಝಿಮೊ ಎಂಎಸ್ ಎಂಬ ಮೂರು ಡಿಕೋಡರ್‌ಗಳನ್ನು ಮೂರು ಡೀಸೆಲ್ ಇಂಜಿನ್‌ಗಳಿಗೆ ಕೂರಿಸಿ, ಮೂರನ್ನೂ ಹಳಿಯ ಮೇಲೆ ಸಾಲಾಗಿ ನಿಲ್ಲಿಸಿ, ಒಂದಾದ ಮೇಲೊಂದರ ಹಾರ್ನ್ ಊದಿಸಿ, ಅದನ್ನು ಮೊಬೈಲಿನ ಮೈಕಿನಲ್ಲಿ ಹಿಡಿದು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದಾರೆ. ಇಡೀ ವಿಡಿಯೊದಲ್ಲಿ ಯಾವ ಇಂಜಿನ್ನಿನ ಚಕ್ರವೂ ಒಂದು ಸುತ್ತು ತಿರುಗಲಿಲ್ಲ.

ಹಾರ್ನ್ ಎಂಬುದು ಡಿಕೋಡರ್‌ನ ಗುಣವಲ್ಲ, ಅದು ಯಾರೋ ಎಲ್ಲೋ ಮಾಡಿಟ್ಟ ಧ್ವನಿಮುದ್ರಣ. ಲೋಕ್‌ಸೌಂಡ್‌ಗೆ ಅದರ ಪ್ರೋಗ್ರಾಮರ್ ಇದ್ದರೆ ಬೇರೆ ಧ್ವನಿಕಡತವನ್ನು ಮನೆಯಲ್ಲೇ ತುಂಬಬಹುದು. ಸುನಾಮಿ 2ರಲ್ಲಿ ಕಾರ್ಖಾನೆಯಲ್ಲೇ ತುಂಬಿಟ್ಟಿರುವ ಹಲವು ಹಾರ್ನ್‌ಗಳಲ್ಲಿ ಬೇಕಾದುದನ್ನು ಒಂದು ಸಿವಿ, ಅಂದರೆ ಡಿಕೋಡರ್‌ನೊಳಗೆ ಅಂಕಿಯಾಗಿ ಬರೆದಿಡುವ ಸೆಟ್ಟಿಂಗ್, ಬದಲಿಸಿ ಆರಿಸಿಕೊಳ್ಳಬಹುದು. ಹೀಗಿರುವಾಗ ಹಾರ್ನ್ ಚೆನ್ನಾಗಿಲ್ಲ ಎಂದು ಡಿಕೋಡರ್‌ಗೆ ಅಂಕ ಕಳೆಯುವುದು ಯಾವ ನ್ಯಾಯ? ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಒಂದು ಇಂಜಿನ್ನಿನೊಳಗೆ ಅಗಲವಾದ ಸ್ಪೀಕರ್, ಇನ್ನೊಂದರಲ್ಲಿ ಶುಗರ್ ಕ್ಯೂಬ್ ಎಂಬ ಸಕ್ಕರೆ ಅಚ್ಚಿನಷ್ಟು ಪುಟ್ಟ ಸ್ಪೀಕರ್, ಮೂರನೆಯದರಲ್ಲಿ ಹಿಂಬದಿಯ ಡಬ್ಬಿಯೇ ಇಲ್ಲದ ಬೋಳು ಸ್ಪೀಕರ್. ಒಬ್ಬ ಗಾಯಕನ ಕೈಗೆ ಮೈಕ್ ಕೊಟ್ಟು, ಇನ್ನೊಬ್ಬನ ಬಾಯಿಗೆ ಬಟ್ಟೆ ಕಟ್ಟಿ, ಆಮೇಲೆ ಯಾರ ಶಾರೀರ ಚೆನ್ನ ಎಂದು ತೀರ್ಪು ಕೊಟ್ಟಂತಾಯಿತು.

ಸ್ಪೀಕರ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಒಂದು ಸರಳ ಲೆಕ್ಕವಿದೆ. ನಿಜವಾದ ರೈಲಿನ ಡೀಸೆಲ್ ಎಂಜಿನ್‌ಗಳನ್ನೇ ನೋಡಿ. ಅಮೆರಿಕದ ಇಎಂಡಿ ಕಂಪನಿಯ ಹದಿನಾರು ಸಿಲಿಂಡರ್‌ಗಳ 645 ಎಂಜಿನ್ ಟು-ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಒಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 900 ಸುತ್ತಿನ ಪೂರ್ಣ ವೇಗದಲ್ಲಿ ಅದು ಸೆಕೆಂಡಿಗೆ 240 ಸಿಡಿತ, ಅಂದರೆ 240 ಹರ್ಟ್ಜ್‌ನ ಸ್ವರ. ಅಲ್ಲಿಯದೇ ಇನ್ನೊಂದು ಕಂಪನಿ ಆಲ್ಕೋದ ಹದಿನಾರು ಸಿಲಿಂಡರ್‌ಗಳ 251 ಫೋರ್-ಸ್ಟ್ರೋಕ್, ಅಂದರೆ ಎರಡು ಸುತ್ತಿಗೆ ಒಂದು ಸಿಡಿತ. 1000 ಸುತ್ತಿನಲ್ಲೂ ಅದು ಸೆಕೆಂಡಿಗೆ ಸುಮಾರು 133 ದಾಟುವುದಿಲ್ಲ. ಸುಮ್ಮನೆ ನಿಂತು ಗುರುಗುಟ್ಟುವಾಗ ಎರಡೂ 100ರ ಕೆಳಗಿಳಿಯುತ್ತವೆ. ಬೆರಳ ತುದಿಯಷ್ಟು ಅಗಲದ ಸ್ಪೀಕರ್ ಅಷ್ಟು ಕೆಳಗಿನ ಸ್ವರವನ್ನು ಹೊರಡಿಸಲಾರದು. ನಮಗೆ ಕೇಳಿಸುವುದು ಅದರ ಮೇಲಿನ ಅನುಸ್ವರಗಳು ಮಾತ್ರ, ಉಳಿದುದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅವುಗಳಲ್ಲಿ ಎಷ್ಟು ನಮ್ಮ ಕಿವಿ ಮುಟ್ಟುತ್ತವೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಸ್ಪೀಕರ್‌ನ ಹಿಂದಿನ ಗಾಳಿಯಾಡದ ಡಬ್ಬಿಯೇ ಹೊರತು ಡಿಕೋಡರ್ ಅಲ್ಲ.

"ಹಾಗಾದರೆ ಅಂಕಿಅಂಶಗಳಿಗೆ ಬೆಲೆಯೇ ಇಲ್ಲವೇ? ಲೋಕ್‌ಸೌಂಡ್ 5ರಲ್ಲಿ ಏಕಕಾಲಕ್ಕೆ 10 ಧ್ವನಿಗಳು, ಝಿಮೊ ಎಂಎಸ್‌ನಲ್ಲಿ 16, ಎರಡೂ 16 ಬಿಟ್" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಲೆ ಇದೆ, ಒಪ್ಪುತ್ತೇನೆ. ಹಳೆಯ 8 ಬಿಟ್ ಡಿಕೋಡರ್‌ಗಳ ಹಿನ್ನೆಲೆಯ ಸುಯ್‌ಗುಟ್ಟುವಿಕೆ ಈಗ ಇಲ್ಲದಿರುವುದು ನಿಜವಾದ ಸುಖ. ಆದರೆ ಎಂಜಿನ್, ಹಾರ್ನ್, ಗಂಟೆ, ಕಂಪ್ರೆಸರ್, ಬ್ರೇಕ್ ಎಲ್ಲ ಒಟ್ಟಿಗೆ ಮೊಳಗಿದರೂ ಹತ್ತು ತುಂಬುವುದು ಅಪರೂಪ. ಲೋಕ್‌ಸೌಂಡ್‌ನ 31,250 ಹರ್ಟ್ಜ್ ಸ್ಯಾಂಪ್ಲಿಂಗ್ ದರ 15,000 ಹರ್ಟ್ಜ್ ಮೀರಿದ ಸ್ವರದವರೆಗೂ ಮುಟ್ಟುತ್ತದಂತೆ, ಸಂತೋಷ. ನನ್ನ ವಯಸ್ಸಿನ ಕಿವಿಗೆ ಅಷ್ಟು ಮೇಲಿನದು ಕೇಳಿಸುವುದು ನಿಂತು ಬಹಳ ಕಾಲವಾಯಿತು, ಈ ಹವ್ಯಾಸದ ನನ್ನ ಗೆಳೆಯರಲ್ಲಿ ಹೆಚ್ಚಿನವರದೂ ಇದೇ ಕಥೆ. ಕೇಳಿಸದ ಸ್ವರಕ್ಕಾಗಿ ಜಗಳವಾಡುವ ಮುದುಕರು ನಾವು.

ಹೋಲಿಸಬೇಕಾದದ್ದು ಇಂಜಿನ್ ಚಲಿಸುವಾಗ. ಡಿಕೋಡರ್ ಮೋಟರಿಗೆ ಕೊಡುವ ವಿದ್ಯುತ್ತನ್ನು ಕ್ಷಣಮಾತ್ರ ನಿಲ್ಲಿಸಿ, ತಿರುಗುತ್ತಿರುವ ಮೋಟರ್ ತಾನೇ ಉತ್ಪಾದಿಸುವ ವೋಲ್ಟೇಜನ್ನು ಅಳೆದು, ಅದರಿಂದ ವೇಗವನ್ನೂ ಹೊರೆಯನ್ನೂ ಊಹಿಸುತ್ತದೆ. ಏರು ಹತ್ತುವಾಗ ಸದ್ದು ಭಾರವಾಗುವುದೂ ಇಳಿಜಾರಿನಲ್ಲಿ ಹಗುರಾಗುವುದೂ ಈ ಅಳತೆಯಿಂದಲೇ. ಇದು ಸರಿಯಾಗಬೇಕಾದರೆ ಡಿಕೋಡರ್ ಮೊದಲು ಆ ಮೋಟರಿಗೆ ಹೊಂದಿಕೊಳ್ಳಬೇಕು. ಲೋಕ್‌ಸೌಂಡ್‌ನಲ್ಲಿ ಸಿವಿ 54ಕ್ಕೆ ಸೊನ್ನೆ ಬರೆದು ನಿಯಂತ್ರಕದ ಎಫ್1 ಗುಂಡಿ ಒತ್ತಿದರೆ ಇಂಜಿನ್ ತಾನೇ ಒಮ್ಮೆ ಓಡಿ ಅಳತೆ ತೆಗೆದುಕೊಳ್ಳುತ್ತದೆ, ಝಿಮೊದಲ್ಲೂ ಇಂಥದೊಂದು ಅಳತೆಯ ಓಟವಿದೆ. ಈ ಎರಡು ನಿಮಿಷದ ಕೆಲಸವನ್ನು ಮಾಡಿ ತೋರಿಸಿದ ಹೋಲಿಕೆಯ ವಿಡಿಯೊ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಹಾರ್ನ್ ಮಾತ್ರ ಎಲ್ಲರೂ ಊದಿದ್ದಾರೆ.

ಉಗಿ ಇಂಜಿನ್ನಿನಲ್ಲಂತೂ ನಿಂತು ಪರೀಕ್ಷಿಸುವುದಕ್ಕೆ ಅರ್ಥವೇ ಇಲ್ಲ. ಎರಡು ಸಿಲಿಂಡರ್‌ಗಳ ಇಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡಬೇಕು. ಚಕ್ರದ ವ್ಯಾಸ 1.6 ಮೀಟರ್ ಎಂದಿಟ್ಟುಕೊಂಡರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕೂವರೆಯಷ್ಟು ಉಸಿರು. 80ರ ವೇಗದಲ್ಲಿ ಅದು ಹದಿನೇಳನ್ನು ದಾಟಿ ಒಂದಕ್ಕೊಂದು ಬೆರೆತುಹೋಗುತ್ತದೆ, ಆಗ ತಪ್ಪಿದ್ದರೂ ಯಾರಿಗೂ ತಿಳಿಯದು. ನಡಿಗೆಯ ವೇಗದಲ್ಲಿ ಕನೆಕ್ಟಿಂಗ್ ರಾಡ್ ಒಂದು ಕಡೆ, ಸದ್ದು ಇನ್ನೊಂದು ಕಡೆ ಆದರೆ ಕಣ್ಣಿಗೆ ಕಡ್ಡಿ ಚುಚ್ಚಿದಂತಾಗುತ್ತದೆ. ಅಲ್ಲಿಯೇ ಡಿಕೋಡರ್‌ನ ಯೋಗ್ಯತೆ ಬಯಲಾಗುವುದು.

ಯಾವುದು ಕೊಳ್ಳಲಿ ಎಂದು ಇನ್‌ಬಾಕ್ಸಿನಲ್ಲಿ ಕೇಳುವವರಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಕಂಪ್ಯೂಟರಿನ ಗೋಜು ಬೇಡ, ಸಿವಿ ಬದಲಿಸಿ ಬೇಕಾದ ಹಾರ್ನ್, ಗಂಟೆ, ಎಂಜಿನ್ ಆರಿಸಿದರೆ ಸಾಕು ಎನ್ನುವವರಿಗೆ ಸುನಾಮಿ 2. ಪ್ರೋಗ್ರಾಮರ್ ಕೊಳ್ಳಲು ಸಿದ್ಧರಿದ್ದು, ಓಟದ ವೇಗ ಬದಲಾಗದಂತೆ ಎಂಜಿನ್ನಿನ ಸದ್ದನ್ನಷ್ಟೇ ಥ್ರಾಟಲ್‌ನಿಂದ ಏರಿಸಿ ಇಳಿಸುವ ಡ್ರೈವ್ ಹೋಲ್ಡ್‌ನ ರುಚಿ ಹತ್ತಿದವರಿಗೆ ಲೋಕ್‌ಸೌಂಡ್. ನಿಧಾನಗತಿಯ ಉಗಿ ಇಂಜಿನ್ನೇ ಸರ್ವಸ್ವವಾದರೆ ನನ್ನ ಮತ ಝಿಮೊಗೆ. ಮೂರರಲ್ಲಿ ಯಾವುದನ್ನು ಕೊಂಡರೂ ಸ್ಪೀಕರ್‌ನ ಡಬ್ಬಿಯನ್ನು ಗಾಳಿ ಸೋರದಂತೆ ಅಂಟಿಸಿ, ಆಮೇಲೆ ಅಭಿಪ್ರಾಯ ಹೇಳಿ.