ಬರುವಾಗ ಮಾತಾಡ್ತಿದ್ರಲ್ಲ ಡಾಕ್ಟ್ರೇ

ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯು ಬಾಗಿಲ ಮುಂದೆ 12 ದಿನ ಕೂತಿದ್ದೆ. ಅಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತು ಒಂದೇ: "ಬರುವಾಗ ಚೆನ್ನಾಗಿ ಮಾತಾಡ್ತಿದ್ರಲ್ಲ ಡಾಕ್ಟ್ರೇ, ಎರಡು ದಿನಕ್ಕೆ ಹಿಂಗ್ಯಾಕಾಯ್ತು?" ಜಗಳೂರಿನವರೂ ಕೇಳಿದರು, ಹೊನ್ನಾಳಿಯವರೂ ಕೇಳಿದರು. ನಾನೂ ಕೇಳಿದೆ.

ನಮ್ಮ ದೊಡ್ಡಪ್ಪನಿಗೆ 14 ವರ್ಷದಿಂದ ಶುಗರ್. ಚನ್ನಗಿರಿ ಕಡೆ ಅಡಿಕೆ ತೋಟ, ಬರಿಗಾಲಲ್ಲೇ ಓಡಾಟ. ಕಾಲಿಗೆ ಏನು ಚುಚ್ಚಿತೋ ಅವರಿಗೇ ಗೊತ್ತಿಲ್ಲ. ಶುಗರ್‌ನಿಂದ ಪಾದದ ನರಗಳು ಸತ್ತುಹೋಗಿದ್ದವು, ನೋವೇ ಆಗಲಿಲ್ಲ. ಚಾಪೆಗೆ ಅಂಟಿದ ಕೀವು ನೋಡಿ ದೊಡ್ಡಮ್ಮನಿಗೆ ಗೊತ್ತಾಯಿತು. ಅರಿಶಿನ ಹಚ್ಚಿದರು. ಜ್ವರ ಇರಲಿಲ್ಲ, ಹಾಗಾಗಿ ಯಾರೂ ಹೆದರಲಿಲ್ಲ. ಮೂರನೇ ದಿನ ಬೆಳಿಗ್ಗೆ ದೊಡ್ಡಪ್ಪ ಎದ್ದು ಕೂತು, "ಅವ್ವ ಉಂಡ್ಲಾ?" ಅಂದರು. ಅವರ ಅವ್ವ ತೀರಿಕೊಂಡು 20 ವರ್ಷ ಆಗಿದೆ. ಉಸಿರು ಒಂದೇ ಸಮ ಎಳೆಯುತ್ತಿತ್ತು. ಶುಗರ್ ಇಳಿದಿರಬೇಕು ಅಂತ ಸಕ್ಕರೆ ನೀರು ಕುಡಿಸಿದೆವು. ಅದರಲ್ಲೇ ಅರ್ಧ ದಿನ ಹೋಯ್ತು.

ನಂಜು ಏರಿದೆ ಅಂತೀವಲ್ಲ, ಡಾಕ್ಟರ್‌ಗಳು ಅದಕ್ಕೆ ಸೆಪ್ಸಿಸ್ ಅಂತಾರೆ. ಸೋಂಕಿನ ಜೊತೆ ಹೊಡೆದಾಡುವ ದೇಹ ಹಿಡಿತ ತಪ್ಪಿ ತನ್ನದೇ ಕಿಡ್ನಿ, ಶ್ವಾಸಕೋಶ, ಹೃದಯಕ್ಕೆ ಪೆಟ್ಟು ಕೊಡುತ್ತದೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 1.1 ಕೋಟಿ ಜನ ಇದರಿಂದ ಸತ್ತರು ಅನ್ನೋ ಅಂದಾಜಿದೆ. ಅಂದರೆ ಆ ವರ್ಷ ಸತ್ತ ಐದು ಜನರಲ್ಲಿ ಒಬ್ಬರು.

ಪಕ್ಕದ ಬೆಡ್‌ನಲ್ಲಿ 24 ವರ್ಷದ ಹುಡುಗನಿದ್ದ. ಅವನಿಗೂ ಸೆಪ್ಸಿಸ್, ಅವನಿಗೂ ಬಿಪಿ ಬಿದ್ದಿತ್ತು. ಆರನೇ ದಿನ ಅಮ್ಮನ ಭುಜ ಹಿಡಿದು ನಡೆದೇ ವಾರ್ಡಿಗೆ ಹೋದ. ಅದೇ ದಿನ ದೊಡ್ಡಪ್ಪನಿಗೆ ಡಯಾಲಿಸಿಸ್ ಶುರುವಾಯಿತು. ನನಗೆ ಸಂಕಟ, ಸಿಟ್ಟು ಎರಡೂ ಬಂತು. ಡಾಕ್ಟರ್ ಹೇಳಿದ್ದಿಷ್ಟೇ: "ಆ ಹುಡುಗನ ಕಿಡ್ನಿ ಪೆಟ್ಟು ತಡ್ಕೊಳ್ತು. ನಿಮ್ಮೋರದ್ದು ಬರುವಾಗ್ಲೇ ಸವೆದಿತ್ತು."

ಹಳೇ ಕಾಯಿಲೆ ಮೈಯ ಶಕ್ತಿ ತಿನ್ನೋದು ಒಂದು ಕಡೆ. ಚಿಕಿತ್ಸೆಯ ಕೈಯನ್ನೂ ಅದು ಕಟ್ಟಿಹಾಕುತ್ತದೆ. ಕಿಡ್ನಿ ಕೆಟ್ಟಿದ್ದರೆ ಎಷ್ಟೋ ಆಂಟಿಬಯೋಟಿಕ್‌ಗಳ ಡೋಸ್ ಲೆಕ್ಕ ಹಾಕಿ ಕೊಡಬೇಕು. ಕೆಲವು ಬಿಪಿ ಮಾತ್ರೆ ನುಂಗುವವರ ನಾಡಿ ಅಷ್ಟಾಗಿ ಜೋರಾಗದೇ ಇರಬಹುದು, ಅಪಾಯ ಮರೆಯಾಗಿ ಉಳಿಯುತ್ತದೆ. ಲಿವರ್ ಗಟ್ಟಿಯಾದವರಲ್ಲಂತೂ ಸಾವು ಜಾಸ್ತಿ. ಇನ್ನು ಹೃದಯ.

ಇದನ್ನು ಬರೆಯೋದು ನನಗೆ ಕಷ್ಟ. ಎರಡು ವರ್ಷದ ಹಿಂದೆ ದೊಡ್ಡಪ್ಪನಿಗೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದ್ದೆವು. ಹೃದಯದ ಪಂಪಿಂಗ್ ಕಮ್ಮಿ ಇದೆ ಅಂದಿದ್ದರು. ಈ ಸಲ ಆಸ್ಪತ್ರೆಗೆ ಸೇರಿಸುವಾಗ "ಬೇರೆ ಏನಾದ್ರೂ ಕಾಯಿಲೆ ಇದೆಯಾ?" ಅಂತ ಕೇಳಿದರು. ನಾನು "ಶುಗರ್ ಅಷ್ಟೇ" ಅಂದೆ. ಕಾಲಿನ ಗಾಯಕ್ಕೂ ಎದೆಗೂ ಏನು ಸಂಬಂಧ ಅಂದುಕೊಂಡಿದ್ದೆ. ಏನು ಮಾತ್ರೆ ತಗೋತಾರೆ ಅಂದರೆ "ಬಿಳಿದು ಒಂದು, ಗುಲಾಬಿದು ಅರ್ಧ". ಬಿಪಿ ಬಿದ್ದವರಿಗೆ ಬೇಗ ಬೇಗ ಸಲೈನ್ ಏರಿಸುತ್ತಾರೆ, ಅದು ಬೇಕೇ ಬೇಕು. ಆದರೆ ಪಂಪಿಂಗ್ ಕಮ್ಮಿ ಇದ್ದವರಿಗೆ ಹೆಜ್ಜೆಹೆಜ್ಜೆಗೂ ನೋಡಿಕೊಂಡು ಕೊಡಬೇಕು. ರಾತ್ರಿ ಅವರ ಶ್ವಾಸಕೋಶದಲ್ಲಿ ನೀರು ತುಂಬಿತು. ಎಕೋ ಕಾಗದ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗಿತ್ತು.

ಶುಗರ್, ಬಿಪಿ, ಕಿಡ್ನಿ, ದಮ್ಮು ಇರುವವರ ಮನೆಯವರಿಗೆ ಕೈಮುಗಿದು ಕೇಳ್ತೀನಿ. ಕಾಗದ, ಮಾತ್ರೆಯ ಚೀಟಿ ಎಲ್ಲಾ ಒಂದೇ ಕವರಿನಲ್ಲಿಡಿ. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್, ಅದರ ಹಳೇ ರಿಪೋರ್ಟ್ ಬಿಸಾಡಬೇಡಿ. ಕಿಡ್ನಿ ಈಗ ಕೆಟ್ಟಿದ್ದೋ, ಮೊದಲೇ ಕೆಟ್ಟಿತ್ತೋ ಅಂತ ಡಾಕ್ಟರ್‌ಗೆ ಗೊತ್ತಾಗೋದು ಅದರಿಂದಲೇ. ವಯಸ್ಸಾದವರು ಇದ್ದಕ್ಕಿದ್ದಂತೆ ತಪ್ಪು ತಪ್ಪು ಮಾತಾಡಿದರೆ, ಉಸಿರು ಜೋರಾದರೆ, ಜ್ವರ ಬರಲಿ ಅಂತ ಕಾಯಬೇಡಿ. ಇನ್ನು ಶುಗರ್ ಕ್ಯಾಂಪ್ ಮಾಡುವವರಿಗೆ ಒಂದು ಮಾತು. ಬೆರಳು ಚುಚ್ಚಿ ನಂಬರ್ ಹೇಳಿ ಕಳಿಸಿದರೆ ಸಾಲದು. ಚಪ್ಪಲಿ ಬಿಡಿಸಿ ಪಾದ ನೋಡಿ. ನೋಡಿದ್ದರೆ ನಮ್ಮ ದೊಡ್ಡಪ್ಪನ ಪಾದದ ನರ ಸತ್ತಿದ್ದು ಆರು ತಿಂಗಳು ಮೊದಲೇ ಗೊತ್ತಾಗುತ್ತಿತ್ತು.

ದೊಡ್ಡಪ್ಪ ಮನೆಗೆ ಬಂದಿದ್ದಾರೆ. ಎರಡು ಬೆರಳು ಹೋದವು. ಡಯಾಲಿಸಿಸ್ ನಿಂತಿದೆ, ಆದರೆ ಕ್ರಿಯಾಟಿನಿನ್ ಹಳೇ ಮಟ್ಟಕ್ಕೆ ಇಳಿದಿಲ್ಲ. ತೋಟದವರೆಗೂ ನಡೆಯೋಕೆ ಆಗಲ್ಲ. ರಾತ್ರಿ ಉಂಡಾದ ಮೇಲೆ ದೊಡ್ಡಮ್ಮ ಮೊಬೈಲ್ ಟಾರ್ಚ್ ಹಾಕಿಕೊಂಡು ಅವರ ಪಾದ ತೊಡೆ ಮೇಲಿಟ್ಟುಕೊಳ್ಳುತ್ತಾರೆ. ಒಂದೊಂದೇ ಬೆರಳ ಸಂದಿ ಬಿಡಿಸಿ ನೋಡುತ್ತಾರೆ.