ಸಮುದ್ರದ ನೀರಿಗೆ ಅದ್ದಿದರೆ ಕಬ್ಬಿಣ ಗಟ್ಟಿ ಉಕ್ಕಾಗುತ್ತಾ?

ಕಾರವಾರದ ಕಡೆ ಹವ್ಯಾಸಕ್ಕೆ ಸಣ್ಣ ಕುಲುಮೆ ಇಟ್ಟುಕೊಂಡವರಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬರುತ್ತಿದೆ: ಯಾವ ಕಬ್ಬಿಣವನ್ನಾದರೂ ಕೆಂಪಗೆ ಕಾಯಿಸಿ ಸಮುದ್ರದ ನೀರಿಗೆ ಅದ್ದಿದರೆ ಗಟ್ಟಿ ಕತ್ತಿಯಾಗುತ್ತದಂತೆ.

ಇದು ನಿಜವಲ್ಲ. ಉಪ್ಪುನೀರು ಸಿಹಿನೀರಿಗಿಂತ ಬೇಗ ತಣಿಸುತ್ತದೆ, ಅಷ್ಟು ಸರಿ. ಕಾದ ಲೋಹದ ಸುತ್ತ ಕಟ್ಟುವ ಆವಿಯ ಪದರವನ್ನು ಉಪ್ಪು ಬೇಗ ಒಡೆಯುತ್ತದೆ. ಆದರೆ ಗಟ್ಟಿಯಾಗಲು ಲೋಹದೊಳಗೆ ಸಾಕಷ್ಟು ಇಂಗಾಲ ಇರಬೇಕಲ್ವಾ? ಕಿಟಕಿ ಸರಳಿನಂಥ ಮೆದು ಕಬ್ಬಿಣದಲ್ಲಿ ಅದು ಸುಮಾರು ಶೇ. 0.2 ಮಾತ್ರ. ಎಷ್ಟು ಸಲ ಅದ್ದಿದರೂ ಹರಿತ ನಿಲ್ಲುವುದಿಲ್ಲ.

ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಲ್ಲಿ ಶೇ. 0.5ರಿಂದ 0.6ರಷ್ಟು ಇರುತ್ತದೆ. ಕತ್ತಿಗೆ ಅದು ಒಳ್ಳೆಯದು. ಅದನ್ನು ಉಪ್ಪುನೀರಿಗೆ ಅದ್ದಿದರೆ ಬಿರುಕು ಬಿಡುವ ಭಯ ಜಾಸ್ತಿ, ಬೆಚ್ಚಗಿನ ಎಣ್ಣೆಯೇ ವಾಸಿ. ಆಮೇಲೆ 200ರಿಂದ 250 ಡಿಗ್ರಿಗೆ ಮತ್ತೆ ಕಾಯಿಸಿ ಹದ ಮಾಡಬೇಕು. ಇಲ್ಲದಿದ್ದರೆ ಪೆಟ್ಟು ಬಿದ್ದಾಗ ಒಡೆದು ಚೂರು ಕಣ್ಣಿಗೆ ಹಾರಬಹುದು. ಸಂದೇಶದಲ್ಲಿ ಈ ಮಾತೇ ಇಲ್ಲ, ನನಗೆ ಅದೇ ಆತಂಕ.

ಮೆದು ಕಬ್ಬಿಣ ಕೀಳೇನಲ್ಲ. ಕೊಕ್ಕೆ, ದೀಪದ ಕಂಬ, ಎಲೆಯಾಕಾರದ ಕೀಚೈನಿಗೆ ಅದೇ ಚೆಂದ. ಬಿಸಿ ಪೂರ್ತಿ ಆರುವ ಮೊದಲು ಜೇನುಮೇಣ ಸವರಿ. ಕಡಲ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.